ಫ್ರೀ ಪ್ಯಾಸ್ಕಲ್‌ನಲ್ಲಿ ವಿಂಡೋ, ಬಟನ್, ಕನ್ನಡ ಅಕ್ಷರ: ಲಾಜರಸ್ ಕೆಲಸಕ್ಕೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಟರ್ಮಿನಲ್‌ನಲ್ಲಿ ಪ್ಯಾಸ್ಕಲ್ ಪ್ರೋಗ್ರಾಂ ಸಲೀಸಾಗಿ ಓಡುತ್ತದೆ. ಅದೇ ಮಷೀನಿನಲ್ಲಿ ಲಾಜರಸ್ (ಫ್ರೀ ಪ್ಯಾಸ್ಕಲ್‌ನಲ್ಲಿ ವಿಂಡೋ ಇರುವ ಪ್ರೋಗ್ರಾಂ ಕಟ್ಟುವ ಐಡಿಇ, ಅಂದರೆ ಕೋಡ್ ಬರೆದು ಓಡಿಸುವ ಉಪಕರಣ) ತೆರೆದು, ಒಂದು ಬಟನ್ ಇಟ್ಟು ಎಫ್9 ಒತ್ತಿದರೆ ಕೆಳಗೆ ಎರರ್ ಬಂದು ಕೂರುತ್ತದೆ: "ಕಾಂಟ್ ಫೈಂಡ್ ಯೂನಿಟ್ ಇಂಟರ್‌ಫೇಸಸ್", ಇಲ್ಲವೇ "ಕೆನಾಟ್ ಫೈಂಡ್ -ಎಲ್‌ಜಿಟಿಕೆ-ಎಕ್ಸ್11-2.0". ಆಗ ಬಹಳ ಜನ ಬೇರೆಲ್ಲಿಂದಲೋ ಇನ್ನೊಂದು ವರ್ಷನ್ ಇಳಿಸಿಕೊಂಡು ಮೊದಲಿನದರ ಮೇಲೇ ಕೂರಿಸುತ್ತಾರೆ. ಗಂಟು ಬಿಗಿಯಾಗುವುದೇ ಅಲ್ಲಿ.

ಇಲ್ಲಿ ಒಂದರ ಮೇಲೊಂದು ಮೂರು ಪದರಗಳಿವೆ. ತಳದಲ್ಲಿ ಫ್ರೀ ಪ್ಯಾಸ್ಕಲ್ ಕಂಪೈಲರ್, ಅಂದರೆ ಎಫ್‌ಪಿಸಿ. ಅದರ ಮೇಲೆ ಫಾರ್ಮ್, ಬಟನ್, ಲೇಬಲ್‌ಗಳನ್ನು ಒದಗಿಸುವ ಎಲ್‌ಸಿಎಲ್ ಲೈಬ್ರರಿ. ಎಲ್‌ಸಿಎಲ್ ತಾನೇ ಏನನ್ನೂ ಬಿಡಿಸುವುದಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್‌ನದೇ ಬಟನ್, ಲಿನಕ್ಸ್‌ನಲ್ಲಿ ಜಿಟಿಕೆ2 ಅಥವಾ ಕ್ಯೂಟಿಯ ಬಟನ್ ತರಿಸಿಕೊಳ್ಳುತ್ತದೆ. ಈ ಮೂರನೆಯ ಪದರಕ್ಕೆ ವಿಜೆಟ್‌ಸೆಟ್ ಎಂದು ಹೆಸರು. ಯಾವ ಎರರ್ ಬಂದರೂ ಮೊದಲು ಕೇಳಿಕೊಳ್ಳಬೇಕಾದ್ದು, ಇದು ಯಾವ ಪದರದ್ದು? ಕೆಳಗಿನ ಹಂತಗಳು ಪದರಗಳ ಕ್ರಮದಲ್ಲೇ ಇವೆ. ಒಂದು ಹಂತದ ಪರೀಕ್ಷೆ ಪಾಸಾಗದೆ ಮುಂದಿನದಕ್ಕೆ ಹೋಗಬೇಡಿ.

ಕಮಾಂಡ್, ಫೈಲ್, ಮೆನುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಶುರುವಿಗೆ ಮುಂಚೆ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಲಿನಕ್ಸ್‌ನವರಿಗೆ ಉಬುಂಟು, ಡೆಬಿಯನ್ ಅಥವಾ ಮಿಂಟ್, ಅದರಲ್ಲಿ ಸುಡೊ ಅನುಮತಿ, ಇಂಟರ್ನೆಟ್. ಡೀಬಗ್ ಮಾಡಲು ಜಿಡಿಬಿಯನ್ನೂ ಹಾಕಿಕೊಂಡಿರಿ. ವಿಂಡೋಸ್‌ನವರಿಗೆ 64 ಬಿಟ್ ಇನ್‌ಸ್ಟಾಲರ್ ಒಂದೇ ಸಾಕು, ಕಂಪೈಲರ್ ಅದರೊಳಗೇ ಬರುತ್ತದೆ. ಎಫ್‌ಪಿಸಿಯನ್ನು ಬೇರೆಯಾಗಿ ಇಳಿಸಿಕೊಳ್ಳುವ ಅಗತ್ಯವಿಲ್ಲ. ಇಳಿಸಿಕೊಂಡರೆ ತೊಂದರೆಯೇ ಹೆಚ್ಚು.

ಪ್ರಾಜೆಕ್ಟ್‌ಗಳಿಗೆಂದೇ ಒಂದು ಫೋಲ್ಡರ್ ಮಾಡಿ. ಅದರ ದಾರಿಯಲ್ಲಿ ಸ್ಪೇಸ್ ಇರಬಾರದು, ಕನ್ನಡ ಅಕ್ಷರವೂ ಬೇಡ. ವಿಂಡೋಸ್‌ನಲ್ಲಿ ಯೂಸರ್ ಹೆಸರೇ ಕನ್ನಡದಲ್ಲಿದ್ದರೆ ಪ್ರಾಜೆಕ್ಟ್‌ಗಳನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡದೆ ಸಿ ಡ್ರೈವ್‌ನಲ್ಲಿ ನೇರವಾಗಿ ಇಡಿ.

ಹಂತ 1: ಹಳೆಯದನ್ನು ಬೇರುಸಹಿತ ತೆಗೆಯುವುದು

ಹೊಸ ಮಷೀನಾದರೆ ಈ ಹಂತ ಬೇಡ. ಹಿಂದೆ ಒಮ್ಮೆಯಾದರೂ ಪ್ರಯತ್ನಿಸಿ ಕೈಬಿಟ್ಟಿದ್ದರೆ ಇದನ್ನು ದಾಟುವಂತಿಲ್ಲ.

ಉಬುಂಟುವಿನಲ್ಲಿ ಲಾಜರಸ್, ಎಫ್‌ಪಿಸಿ ಹೆಸರಿನ ಪ್ಯಾಕೇಜುಗಳನ್ನು ಆಪ್ಟ್ ಪರ್ಜ್‌ನಿಂದ ತೆಗೆಯಿರಿ. ಬರೀ ರಿಮೂವ್ ಕೊಟ್ಟರೆ ಸೆಟ್ಟಿಂಗ್ ಫೈಲುಗಳು ಉಳಿದುಕೊಳ್ಳುತ್ತವೆ. ನಕ್ಷತ್ರ ಚಿಹ್ನೆ ಹಾಕಿ ಒಟ್ಟಿಗೆ ತೆಗೆಯುವವರು, ಆಪ್ಟ್ ತೋರಿಸುವ ಪಟ್ಟಿಯನ್ನು ಓದದೆ ವೈ ಒತ್ತಬೇಡಿ.

ಆಮೇಲೆ ಕೈಯಾರೆ ಮೂರು ಜಾಗ ನೋಡಿ. ಮೊದಲನೆಯದು ಇಟಿಸಿ ಫೋಲ್ಡರಿನ ಎಫ್‌ಪಿಸಿ.ಸಿಎಫ್‌ಜಿ. ಎರಡನೆಯದು ಹೋಮ್ ಫೋಲ್ಡರಿನಲ್ಲಿ ಅದೇ ಹೆಸರಿನ, ಆದರೆ ಮುಂದೆ ಚುಕ್ಕೆ ಇರುವ ಫೈಲ್. ಇದು ಇದ್ದರೆ ಕಂಪೈಲರ್ ಇಟಿಸಿಯದ್ದನ್ನು ಬಿಟ್ಟು ಇದನ್ನೇ ನಂಬುತ್ತದೆ. ಮೂರನೆಯದು ಹೋಮ್‌ನಲ್ಲೇ ಇರುವ .ಲಾಜರಸ್ ಫೋಲ್ಡರ್. ಚುಕ್ಕೆಯ ಫೈಲುಗಳು ಕಾಣಬೇಕಾದರೆ ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್+ಎಚ್ ಒತ್ತಿ. .ಲಾಜರಸ್ ಫೋಲ್ಡರನ್ನು ಅಳಿಸುವ ಬದಲು ಹೆಸರು ಬದಲಿಸಿ ಇಡುವುದು ಒಳ್ಳೆಯದು.

ವಿಂಡೋಸ್‌ನಲ್ಲಿ ಅನ್‌ಇನ್‌ಸ್ಟಾಲ್ ಆದ ಮೇಲೂ ಆಪ್‌ಡೇಟಾದೊಳಗಿನ ಲೋಕಲ್ ಫೋಲ್ಡರಿನಲ್ಲಿ ಲಾಜರಸ್ ಹೆಸರಿನ ಫೋಲ್ಡರ್ ಉಳಿದಿರುತ್ತದೆ. ಹೊಸ ಲಾಜರಸ್ ತೆರೆದಾಗ ಹಳೆಯ ಕಂಪೈಲರಿನ ದಾರಿ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳುವವರು ಇದನ್ನು ಮರೆತವರು.

ಪರೀಕ್ಷೆ: ಹೊಸ ಟರ್ಮಿನಲ್ ತೆರೆದು "ವಿಚ್ ಎಫ್‌ಪಿಸಿ" ಕೊಡಿ, ಉತ್ತರ ಖಾಲಿ ಬರಬೇಕು. ಹಳೆಯ ಟರ್ಮಿನಲ್‌ನಲ್ಲೇ ಎಫ್‌ಪಿಸಿ ಓಡಿಸಲು ಹೋದರೆ ಬ್ಯಾಶ್ ಮೊದಲಿನ ದಾರಿಯನ್ನು ನೆನಪಿಟ್ಟುಕೊಂಡು ಇಲ್ಲದ ಫೈಲನ್ನು ಹುಡುಕುತ್ತದೆ. ಹಾಗಾಗಿ ಹೊಸದನ್ನೇ ತೆರೆಯಿರಿ.

ಹಂತ 2: ಒಂದೇ ಮೂಲದಿಂದ ಇನ್‌ಸ್ಟಾಲ್

ಲಿನಕ್ಸ್‌ನಲ್ಲಿ ಎರಡು ದಾರಿಗಳಿವೆ. ಯಾವುದಾದರೂ ಸರಿ, ಆದರೆ ಒಂದೇ.

ಮೊದಲ ದಾರಿ, ನಿಮ್ಮ ಡಿಸ್ಟ್ರೊದ ರೆಪೊಸಿಟರಿ. ಆಪ್ಟ್ ಇನ್‌ಸ್ಟಾಲ್ ಲಾಜರಸ್ ಎಂದರೆ ಬೇಕಾದ್ದನ್ನೆಲ್ಲ ಎಳೆದುಕೊಂಡು ಬರುತ್ತದೆ. ರೆಕಮೆಂಡ್ಸ್ (ಜೊತೆಗೆ ಶಿಫಾರಸಾದ ಪ್ಯಾಕೇಜುಗಳು) ಬೇಡವೆಂದು ಆಪ್ಟ್‌ಗೆ ಹೇಳಿದ್ದರೆ ಎಫ್‌ಪಿಸಿ-ಸೋರ್ಸ್ ಪ್ಯಾಕೇಜ್ ತಪ್ಪಿಹೋಗಬಹುದು. ಅದನ್ನು ಬೇರೆಯಾಗಿ ಹಾಕಿ. ಸೋರ್ಸ್ ಇಲ್ಲದಿದ್ದರೂ ಕಂಪೈಲ್ ಆಗುತ್ತದೆ, ಆದರೆ ಎಡಿಟರ್ ಕುರುಡಾಗುತ್ತದೆ. ಕೋಡ್ ಕಂಪ್ಲೀಷನ್ ಇರುವುದಿಲ್ಲ, ಬಟನ್ ಡಬಲ್ ಕ್ಲಿಕ್ ಮಾಡಿದರೆ ಪ್ರೊಸೀಜರ್ ಹುಟ್ಟುವ ಬದಲು "ಯೂನಿಟ್ ನಾಟ್ ಫೌಂಡ್" ಬರುತ್ತದೆ.

ಎರಡನೆಯ ದಾರಿ, ಲಾಜರಸ್ ತಂಡದವರೇ ಸೋರ್ಸ್‌ಫೋರ್ಜ್ ಜಾಲತಾಣದಲ್ಲಿ ಇಟ್ಟಿರುವ ಮೂರು ಡೆಬ್ ಫೈಲುಗಳು: ಎಫ್‌ಪಿಸಿ-ಲಾಜ್, ಎಫ್‌ಪಿಸಿ-ಎಸ್‌ಆರ್‌ಸಿ, ಲಾಜರಸ್-ಪ್ರಾಜೆಕ್ಟ್. ಮೂರನ್ನೂ ಒಂದೇ ವರ್ಷನ್ನಿನ ಫೋಲ್ಡರಿನಿಂದ ಇಳಿಸಿ. ಒಂದೊಂದಾಗಿ ಹಾಕುವುದಾದರೆ ಕ್ರಮ ಇದೇ: ಕಂಪೈಲರ್, ಅದರ ಸೋರ್ಸ್, ಕೊನೆಗೆ ಲಾಜರಸ್. ಸುಲಭವೆಂದರೆ ಮೂರರ ಹೆಸರನ್ನೂ ಒಂದೇ ಆಪ್ಟ್ ಇನ್‌ಸ್ಟಾಲ್ ಸಾಲಿನಲ್ಲಿ ಕೊಡುವುದು. ಪ್ರತಿ ಫೈಲ್ ಹೆಸರಿನ ಮುಂದೆ ಚುಕ್ಕೆ ಮತ್ತು ಸ್ಲ್ಯಾಶ್ ಇರಲೇಬೇಕು. ಇಲ್ಲದಿದ್ದರೆ ಆಪ್ಟ್ ಅದನ್ನು ರೆಪೊಸಿಟರಿಯಲ್ಲಿ ಹುಡುಕಿ "ಅನೇಬಲ್ ಟು ಲೊಕೇಟ್ ಪ್ಯಾಕೇಜ್" ಎನ್ನುತ್ತದೆ. ಆಪ್ಟ್ ಬದಲು ಡಿಪಿಕೆಜಿ ಬಳಸಿದರೆ ಡಿಪೆಂಡೆನ್ಸಿಗಳು ತಾವಾಗಿ ಬರುವುದಿಲ್ಲ.

ಕಂಪೈಲರನ್ನು ಆಪ್ಟ್‌ನಿಂದ, ಲಾಜರಸ್ಸನ್ನು ಸೋರ್ಸ್‌ಫೋರ್ಜ್‌ನಿಂದ ತಂದರೆ ಕೆಲವೊಮ್ಮೆ ಓಡುವುದೂ ಉಂಟು. ಮುಂದಿನ ಸಿಸ್ಟಂ ಅಪ್‌ಡೇಟ್‌ನ ದಿನ ಅದರ ಬಣ್ಣ ಬಯಲಾಗುತ್ತದೆ.

ವಿಂಡೋಸ್‌ನಲ್ಲಿ ಇನ್‌ಸ್ಟಾಲರ್ ಕೇಳುವ ಫೋಲ್ಡರನ್ನು ಬದಲಿಸಬೇಡಿ. ಅದು ಸಿ ಡ್ರೈವ್‌ನ ನೇರ ಕೆಳಗೆ ಲಾಜರಸ್ ಎಂದಿರುತ್ತದೆ, ಅಲ್ಲೇ ಇರಲಿ. ಪ್ರೋಗ್ರಾಂ ಫೈಲ್ಸ್‌ಗೆ ಹಾಕಿದರೆ ಹೆಸರಿನ ನಡುವಿನ ಸ್ಪೇಸ್ ಒಂದು ತೊಂದರೆ, ಮುಂದೆ ಪ್ಯಾಕೇಜ್ ಸೇರಿಸಿ ಲಾಜರಸ್ಸನ್ನು ಮರಳಿ ಕಟ್ಟುವಾಗ ಅಲ್ಲಿ ಬರೆಯಲು ಅನುಮತಿ ಇಲ್ಲದಿರುವುದು ಇನ್ನೊಂದು.

ಪರೀಕ್ಷೆ: ಲಿನಕ್ಸ್‌ನಲ್ಲಿ ಎಫ್‌ಪಿಸಿ ಎಂದು ಬರೆದು ಸ್ಪೇಸ್ ಬಿಟ್ಟು -ಐವಿ ಕೊಡಿ. ಐ ಸಣ್ಣಕ್ಷರ, ವಿ ದೊಡ್ಡಕ್ಷರ. 3.2.2 ಎಂಬಂತೆ ವರ್ಷನ್ ಅಂಕಿ ಮಾತ್ರ ಬರಬೇಕು.

ಹಂತ 3: ಗ್ರಾಫಿಕ್ಸ್ ಇಲ್ಲದೆ ಕಂಪೈಲರ್ ಪರೀಕ್ಷೆ

ಐದು ನಿಮಿಷದ ಕೆಲಸ, ಆದರೆ ಬಹುತೇಕರು ಹಾರಿಸುವುದು ಇದನ್ನೇ. ಒಂದು ಟೆಕ್ಸ್ಟ್ ಎಡಿಟರ್‌ನಲ್ಲಿ ಬಿಗಿನ್, ರೈಟ್‌ಎಲ್‌ಎನ್‌ನ ಒಂದು ಸಾಲು, ಎಂಡ್ ಮತ್ತು ಚುಕ್ಕೆ ಬರೆದು .ಪ್ಯಾಸ್ ಎಂದು ಉಳಿಸಿ. ಎಫ್‌ಪಿಸಿಯ ಮುಂದೆ ಆ ಫೈಲಿನ ಹೆಸರು ಕೊಟ್ಟು ಕಂಪೈಲ್ ಮಾಡಿ, ಹುಟ್ಟಿದ ಫೈಲನ್ನು ಓಡಿಸಿ.

"ಕಾಂಟ್ ಫೈಂಡ್ ಯೂನಿಟ್ ಸಿಸ್ಟಂ" ಎಂದರೆ ಎಫ್‌ಪಿಸಿ.ಸಿಎಫ್‌ಜಿಯೊಳಗಿನ ದಾರಿ ತಪ್ಪಾಗಿದೆ. ಹೆಚ್ಚಿನ ಸಲ ಹಂತ 1ರಲ್ಲಿ ಹೇಳಿದ ಹೋಮ್ ಫೋಲ್ಡರಿನ ಹಳೆಯ ಫೈಲೇ ಕಾರಣ. ಅದಲ್ಲದಿದ್ದರೆ ಎಫ್‌ಪಿಸಿಎಂಕೆಸಿಎಫ್‌ಜಿ ಎಂಬ ಉಪಕರಣದಿಂದ ಹೊಸ ಸೆಟ್ಟಿಂಗ್ ಫೈಲ್ ಮಾಡಿಕೊಳ್ಳಬಹುದು. ಕಂಪೈಲ್ ಆಗಿ ಲಿಂಕ್ ಮಾಡುವಾಗ ಎಲ್‌ಡಿ ಸಿಗಲಿಲ್ಲ ಎಂದರೆ ಬಿನ್‌ಯುಟಿಲ್ಸ್ ಪ್ಯಾಕೇಜ್ ಇಲ್ಲ.

ಇನ್ನೊಂದು ಸಾಲು ಬರಬಹುದು: ಲಿಂಕ್.ರೆಸ್ ಎಂಬ ಫೈಲಿನ ಬಗ್ಗೆ "ಡಿಡ್ ಯೂ ಫರ್ಗೆಟ್ -ಟಿ" ಎಂದು ಕೇಳುವ ಎಚ್ಚರಿಕೆ. ಇದು ನಿರುಪದ್ರವಿ. ಇದನ್ನು ಸರಿಪಡಿಸಲು ಹೊರಟು ಸರಿಯಿದ್ದ ಇನ್‌ಸ್ಟಾಲನ್ನು ಕೆಡಿಸಿಕೊಂಡವರಿದ್ದಾರೆ.

ಹಂತ 4: ಲಾಜರಸ್ ಮೊದಲ ಸಲ ತೆರೆದಾಗ

ಮೊದಲಿಗೆ ಬರುವುದು ಕಾನ್ಫಿಗರ್ ಲಾಜರಸ್ ಐಡಿಇ ಎಂಬ ಡಯಲಾಗ್. ಎಡಗಡೆ ಲಾಜರಸ್, ಕಂಪೈಲರ್, ಎಫ್‌ಪಿಸಿ ಸೋರ್ಸಸ್, ಮೇಕ್, ಡೀಬಗರ್ ಎಂಬ ಸಾಲುಗಳು. ಯಾವುದರ ಮುಂದಾದರೂ ಎಚ್ಚರಿಕೆಯ ಗುರುತು ಇದ್ದರೆ ಅದರ ಮೇಲೆ ಕ್ಲಿಕ್ ಮಾಡಿ ದಾರಿ ಸರಿಪಡಿಸಿ. ನೇರ ಸ್ಟಾರ್ಟ್ ಐಡಿಇ ಒತ್ತಿ ಒಳಗೆ ಹೋಗಬೇಡಿ.

ಲಿನಕ್ಸ್‌ನಲ್ಲಿ ಸೋರ್ಸ್ ಸಾಮಾನ್ಯವಾಗಿ ಯುಎಸ್ಆರ್, ಶೇರ್, ಎಫ್‌ಪಿಸಿಎಸ್‌ಆರ್‌ಸಿ, ಅದರೊಳಗೆ ವರ್ಷನ್ ಅಂಕಿಯ ಫೋಲ್ಡರಿನಲ್ಲಿರುತ್ತದೆ. ಈ ಅಂಕಿಯೂ ಹಂತ 2ರಲ್ಲಿ -ಐವಿ ಕೊಟ್ಟಾಗ ಬಂದ ಅಂಕಿಯೂ ಒಂದೇ ಆಗಿರಬೇಕು. ಆಮೇಲೆ ಸೋರ್ಸ್ ಹಾಕಿದರೆ ಟೂಲ್ಸ್ ಮೆನುವಿನಿಂದ ರೀಸ್ಕ್ಯಾನ್ ಎಫ್‌ಪಿಸಿ ಸೋರ್ಸ್ ಡೈರೆಕ್ಟರಿ ಒಮ್ಮೆ ಕೊಡಿ.

ಲಾಜರಸ್ಸನ್ನು ಸುಡೊ ಹಾಕಿ ತೆರೆಯಲೇಬೇಡಿ. ಅನುಮತಿಯ ತೊಂದರೆಗೆ ಅದೊಂದು ಸುಲಭ ಮದ್ದೆನಿಸುತ್ತದೆ. ಒಮ್ಮೆ ಹಾಗೆ ತೆರೆದರೆ .ಲಾಜರಸ್‌ನೊಳಗಿನ ಫೈಲುಗಳು ರೂಟ್‌ನ ಪಾಲಾಗಿ, ಮಾರನೆಯ ದಿನ ಮಾಮೂಲಿಯಾಗಿ ತೆರೆದಾಗ ಯಾವ ಸೆಟ್ಟಿಂಗೂ ಉಳಿಯದೆ ಹೋಗಬಹುದು. ಆಗಲೇ ಮಾಡಿಬಿಟ್ಟಿದ್ದರೆ ಚೋನ್ ಕಮಾಂಡ್‌ನಿಂದ ಆ ಫೋಲ್ಡರಿನ ಒಡೆತನವನ್ನು ನಿಮ್ಮ ಹೆಸರಿಗೆ ಮರಳಿ ತನ್ನಿ.

ಹಂತ 5: ಖಾಲಿ ಫಾರ್ಮ್ ಓಡಿಸುವುದು

ಬಟನ್ ಗಿಟನ್ ಏನೂ ಈಗ ಬೇಡ. ಪ್ರಾಜೆಕ್ಟ್ ಮೆನುವಿನಿಂದ ನ್ಯೂ ಪ್ರಾಜೆಕ್ಟ್, ಅದರಲ್ಲಿ ಅಪ್ಲಿಕೇಷನ್ ಆರಿಸಿ. ಪ್ರೋಗ್ರಾಂ ಅಥವಾ ಕನ್ಸೋಲ್ ಅಪ್ಲಿಕೇಷನ್ ಆರಿಸಿದರೆ ಎಲ್‌ಸಿಎಲ್ ಸೇರುವುದೇ ಇಲ್ಲ.

ಓಡಿಸುವ ಮೊದಲು ಸೇವ್ ಆಲ್. ಪ್ರತಿ ಪ್ರಾಜೆಕ್ಟಿಗೂ ಅದರದೇ ಫೋಲ್ಡರ್ ಬೇಕು. ಎರಡು ಪ್ರಾಜೆಕ್ಟ್ ಒಂದೇ ಕಡೆ ಇಟ್ಟರೆ ಎರಡರ ಯೂನಿಟ್1 ಒಂದನ್ನೊಂದು ನುಂಗುತ್ತವೆ. ಲಾಜರಸ್ ಎರಡು ಹೆಸರು ಕೇಳುತ್ತದೆ, ಒಂದು ಪ್ರಾಜೆಕ್ಟಿಗೆ, ಒಂದು ಯೂನಿಟ್‌ಗೆ. ಎರಡಕ್ಕೂ ಒಂದೇ ಹೆಸರು ಕೊಡಬಾರದು. ಫಾರ್ಮ್‌ನ ಹೆಸರೂ ಬೇರೆಯೇ ಇರಲಿ, ಇಲ್ಲದಿದ್ದರೆ "ಡುಪ್ಲಿಕೇಟ್ ಐಡೆಂಟಿಫೈಯರ್". ಲಿನಕ್ಸ್‌ನಲ್ಲಿ ಫೈಲ್ ಹೆಸರುಗಳು ಪೂರ್ತಿ ಸಣ್ಣಕ್ಷರದಲ್ಲಿರಲಿ.

ಫೋಲ್ಡರಿನಲ್ಲಿ ಈಗ ಹುಟ್ಟಿರುವ ಫೈಲುಗಳಲ್ಲಿ ನಾಲ್ಕನ್ನು ಕಳೆದುಕೊಳ್ಳಬಾರದು: .ಎಲ್‌ಪಿಐ ಪ್ರಾಜೆಕ್ಟಿನ ವಿವರ, .ಎಲ್‌ಪಿಆರ್ ಮುಖ್ಯ ಪ್ರೋಗ್ರಾಂ, .ಪ್ಯಾಸ್ ನಿಮ್ಮ ಕೋಡ್, .ಎಲ್‌ಎಫ್‌ಎಂ ಫಾರ್ಮಿನ ಚಿತ್ರಣ. ಬೇರೆಯವರಿಗೆ ಪ್ರಾಜೆಕ್ಟ್ ಕಳಿಸುವಾಗ .ಪ್ಯಾಸ್ ಮಾತ್ರ ಕಳಿಸಿ .ಎಲ್‌ಎಫ್‌ಎಂ ಮರೆಯುವವರು ಬಹಳ. ಲಿಬ್ ಮತ್ತು ಬ್ಯಾಕಪ್ ಫೋಲ್ಡರುಗಳು ಹೋದರೂ ಚಿಂತೆಯಿಲ್ಲ.

ಎಫ್9 ಒತ್ತಿ. ಬೂದು ಬಣ್ಣದ ಖಾಲಿ ವಿಂಡೋ ಬಂದು, ಅದರ ಮೂಲೆಯ ಗುಣಾಕಾರ ಚಿಹ್ನೆ ಒತ್ತಿದಾಗ ಮುಚ್ಚಿಕೊಂಡರೆ ಮೂರೂ ಪದರ ಕೂಡಿವೆ ಎಂದರ್ಥ. ಬರದಿದ್ದರೆ:

"ಕೆನಾಟ್ ಫೈಂಡ್" ಎಂದು ಶುರುವಾಗಿ ಜಿಟಿಕೆ, ಪ್ಯಾಂಗೊ, ಕೈರೊ, ಎಕ್ಸ್11 ಇಂಥ ಹೆಸರುಗಳ ಸಾಲೇ ಬಂದರೆ ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಲಿಂಕ್ ಮಾಡಲು ಬೇಕಾದ ಡೆವಲಪ್‌ಮೆಂಟ್ ಪ್ಯಾಕೇಜ್ ಇಲ್ಲ. ಲಿಬ್‌ಜಿಟಿಕೆ2.0-ಡೆವ್ ಹಾಕಿ, ಉಳಿದವು ಅದರ ಹಿಂದೆಯೇ ಬರುತ್ತವೆ. ಪರದೆಯ ಮೇಲೆ ಜಿಟಿಕೆ ಆ್ಯಪ್‌ಗಳು ಓಡುತ್ತಿವೆಯಲ್ಲ ಎಂದು ವಾದಿಸಬೇಡಿ. ಓಡಿಸಲು ಬೇಕಾದ ಲೈಬ್ರರಿ ಬೇರೆ, ಕಟ್ಟಲು ಬೇಕಾದ ಡೆವ್ ಪ್ಯಾಕೇಜ್ ಬೇರೆ.

"ಕಾಂಟ್ ಫೈಂಡ್ ಯೂನಿಟ್ ಇಂಟರ್‌ಫೇಸಸ್" ಅಥವಾ ಫಾರ್ಮ್ಸ್ ಎಂದರೆ ಎಲ್‌ಸಿಎಲ್ ಪದರದ ತೊಂದರೆ. ಪ್ರಾಜೆಕ್ಟ್ ಇನ್‌ಸ್ಪೆಕ್ಟರ್ ತೆರೆದು ರಿಕ್ವೈರ್ಡ್ ಪ್ಯಾಕೇಜಸ್ ಕೆಳಗೆ ಎಲ್‌ಸಿಎಲ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ. ಇದ್ದೂ ಸಿಗುತ್ತಿಲ್ಲವೆಂದರೆ ಎಲ್‌ಸಿಎಲ್ ಒಂದು ಕಂಪೈಲರಿನಿಂದ ಕಟ್ಟಿದ್ದು, ನೀವು ಓಡಿಸುತ್ತಿರುವುದು ಇನ್ನೊಂದು. ಮೆಸೇಜಿನಲ್ಲಿ "ಚೆಕ್‌ಸಮ್ ಚೇಂಜ್ಡ್" ಎಂಬ ಮಾತು ಕಂಡರೆ ಅದೇ. ರನ್ ಮೆನುವಿನ ಕ್ಲೀನ್ ಅಪ್ ಆ್ಯಂಡ್ ಬಿಲ್ಡ್ ಒಮ್ಮೆ ಮಾಡಿ ನೋಡಿ. ಆಗಲೂ ಹೋಗದಿದ್ದರೆ ಹಂತ 1ಕ್ಕೆ ಮರಳುವುದೇ ಹತ್ತಿರದ ದಾರಿ.

"ಡಬ್ಲ್ಯುಎಸ್‌ರಿಜಿಸ್ಟರ್" ಎಂದು ಶುರುವಾಗುವ ಹತ್ತಾರು ಹೆಸರು ಸಿಗಲಿಲ್ಲವೆಂದು ಲಿಂಕರ್ ಕಿರುಚಿದರೆ, .ಎಲ್‌ಪಿಆರ್ ಫೈಲಿನ ಯೂಸಸ್ ಸಾಲಿನಿಂದ ಇಂಟರ್‌ಫೇಸಸ್ ಯೂನಿಟ್ ಹೋಗಿದೆ. ಅದನ್ನು ಎಲ್ಲೂ ಬಳಸಿದಂತೆ ಕಾಣುವುದಿಲ್ಲ, ಹಾಗಾಗಿ ಅಚ್ಚುಕಟ್ಟು ಮಾಡುವವರು ಅಳಿಸಿಬಿಡುತ್ತಾರೆ. ವಿಜೆಟ್‌ಸೆಟ್ಟನ್ನು ತಂದು ಜೋಡಿಸುವ ಕೊಂಡಿಯೇ ಅದು.

ವಿಂಡೋಸ್‌ನಲ್ಲಿ ಮೊದಲ ಸಲ ಓಡಿ ಎರಡನೆಯ ಸಲ "ಕಾಂಟ್ ಕ್ರಿಯೇಟ್" ಎಂದು ಇಎಕ್ಸ್‌ಇ ಹೆಸರು ಬಂದರೆ, ಹಿಂದಿನ ಓಟ ಇನ್ನೂ ಮುಗಿದಿಲ್ಲ. ಕಂಟ್ರೋಲ್+ಎಫ್2 ಒತ್ತಿ ನಿಲ್ಲಿಸಿ. ಆಂಟಿವೈರಸ್ ಆ ಫೈಲನ್ನು ಹಿಡಿದಿಟ್ಟುಕೊಂಡಿದ್ದರೂ ಹೀಗೇ ಆಗುತ್ತದೆ. ಪ್ರಾಜೆಕ್ಟ್ ಫೋಲ್ಡರಿಗೆ ವಿನಾಯಿತಿ ಕೊಡಿ.

ಹಂತ 6: ಬಟನ್ ಒತ್ತಿದರೆ ಲೆಕ್ಕ ಬರಬೇಕು

ಉದಾಹರಣೆಗೆ ಹಾಲಿನ ಡೇರಿಯ ಲೆಕ್ಕ ತೆಗೆದುಕೊಳ್ಳೋಣ: ಎಷ್ಟು ಲೀಟರ್, ಲೀಟರಿಗೆ ಎಷ್ಟು ದರ, ಒಟ್ಟು ಎಷ್ಟು. ಸ್ಟ್ಯಾಂಡರ್ಡ್ ಟ್ಯಾಬ್‌ನಿಂದ ಎರಡು ಟಿಎಡಿಟ್, ಒಂದು ಟಿಬಟನ್, ಒಂದು ಟಿಲೇಬಲ್ ಫಾರ್ಮ್ ಮೇಲೆ ಇಡಿ.

ಎಫ್11 ಒತ್ತಿದರೆ ಆಬ್ಜೆಕ್ಟ್ ಇನ್‌ಸ್ಪೆಕ್ಟರ್. ಅದರಲ್ಲಿ ನೇಮ್ ಮತ್ತು ಕ್ಯಾಪ್ಷನ್ ಬೇರೆ ಬೇರೆ. ನೇಮ್ ಕಂಪೈಲರಿಗೆ, ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಲ್ಲೇ ಇರಬೇಕು. ಕ್ಯಾಪ್ಷನ್ ಕಣ್ಣಿಗೆ ಕಾಣುವುದು, ಅಲ್ಲಿ "ಲೆಕ್ಕ ಹಾಕು" ಎಂದು ಕನ್ನಡದಲ್ಲೇ ಬರೆಯಿರಿ. ಕೋಡ್ ಬರೆಯುವ ಮೊದಲೇ ನೇಮ್‌ಗಳನ್ನು ಬದಲಿಸಿಕೊಳ್ಳಿ. ಎಡಿಟ್1, ಎಡಿಟ್2 ಎಂದೇ ಬಿಟ್ಟರೆ ವಾರದ ನಂತರ ಯಾವುದು ಲೀಟರ್, ಯಾವುದು ದರ ನಿಮಗೇ ತಿಳಿಯುವುದಿಲ್ಲ.

ಬಟನ್ ಮೇಲೆ ಡಬಲ್ ಕ್ಲಿಕ್ ಮಾಡಿದಾಗ ಖಾಲಿ ಬಿಗಿನ್, ಎಂಡ್ ಇರುವ ಪ್ರೊಸೀಜರ್ ಹುಟ್ಟುತ್ತದೆ. ಈ ಪ್ರೊಸೀಜರನ್ನು ಕೈಯಾರೆ ಟೈಪ್ ಮಾಡಿದರೆ ಬಟನ್‌ಗೂ ಅದಕ್ಕೂ ಸಂಬಂಧ ಹುಟ್ಟುವುದಿಲ್ಲ. ಸಂಬಂಧ ಇರುವುದು .ಎಲ್‌ಎಫ್‌ಎಂ ಫೈಲಿನಲ್ಲಿ. ಹಾಗೆಯೇ ಬೇಡವಾದ ಪ್ರೊಸೀಜರನ್ನು ಕೋಡ್‌ನಿಂದ ಮಾತ್ರ ಅಳಿಸಿದರೆ ಫಾರ್ಮ್ ತೆರೆಯುವಾಗ ಎರರ್ ಬರುತ್ತದೆ. ಮೊದಲು ಇನ್‌ಸ್ಪೆಕ್ಟರಿನ ಈವೆಂಟ್ಸ್ ಟ್ಯಾಬ್‌ನಲ್ಲಿ ಆನ್‌ಕ್ಲಿಕ್ ಸಾಲನ್ನು ಖಾಲಿ ಮಾಡಿ, ಆಮೇಲೆ ಕೋಡ್ ಅಳಿಸಿ.

ಲೆಕ್ಕಕ್ಕೆ ಲೀಟರ್, ದರ, ಒಟ್ಟು ಮೂರನ್ನೂ ಕರೆನ್ಸಿ ಟೈಪ್‌ನಲ್ಲಿ ಘೋಷಿಸಿ, ಡಬಲ್‌ನಲ್ಲಿ ಬೇಡ. ಡಬಲ್ ಎರಡರ ಘಾತಗಳಲ್ಲಿ ಲೆಕ್ಕ ಇಡುವುದರಿಂದ 0.10 ಎಂಬ ಹತ್ತು ಪೈಸೆಯನ್ನು ಸರಿಯಾಗಿ ಹಿಡಿಯಲಾರದು. ತಿಂಗಳ ಕೊನೆಗೆ ಪೈಸೆ ವ್ಯತ್ಯಾಸ ಬರುತ್ತದೆ. ಕರೆನ್ಸಿ ದಶಾಂಶದ ನಾಲ್ಕು ಸ್ಥಾನಗಳನ್ನು ಪಕ್ಕಾ ಇಡುತ್ತದೆ. ಪೆಟ್ಟಿಗೆಯ ಅಕ್ಷರಗಳನ್ನು ಸಂಖ್ಯೆ ಮಾಡಲು ಟ್ರೈಸ್ಟ್ರ್‌ಟುಕರ್ ಬಳಸಿ. ಅದು ಆಗದಿದ್ದರೆ ಫಾಲ್ಸ್ ಎನ್ನುತ್ತದೆ, ಆಗ ಷೋಮೆಸೇಜ್‌ನಿಂದ "ಲೀಟರ್ ಸರಿಯಾಗಿ ಬರೆಯಿರಿ" ಎಂದು ತೋರಿಸಿ ಎಕ್ಸಿಟ್ ಮಾಡಿ. ಬರೀ ಸ್ಟ್ರ್‌ಟುಕರ್ ಬಳಸಿದರೆ ಖಾಲಿ ಪೆಟ್ಟಿಗೆಗೂ ಎಕ್ಸೆಪ್ಷನ್ ಹಾರುತ್ತದೆ. ಉತ್ತರವನ್ನು ಫಾರ್ಮ್ಯಾಟ್‌ಕರ್‌ಗೆ '0.00' ಮಾದರಿ ಕೊಟ್ಟು ಲೇಬಲ್‌ನ ಕ್ಯಾಪ್ಷನ್‌ಗೆ ಹಾಕಿ. 6.5 ಲೀಟರ್, 36 ರೂಪಾಯಿ ಕೊಟ್ಟರೆ 234.00 ಬರಬೇಕು.

ಕೋಡ್ ಪರೀಕ್ಷಿಸಲು ನಡುವೆ ರೈಟ್‌ಎಲ್‌ಎನ್ ಹಾಕುವ ಅಭ್ಯಾಸ ಇರುವವರಿಗೆ ಒಂದು ಮಾತು. ವಿಂಡೋಸ್‌ನ ಗ್ರಾಫಿಕ್ಸ್ ಅಪ್ಲಿಕೇಷನ್‌ಗೆ ಕನ್ಸೋಲ್ ಇರುವುದಿಲ್ಲ. ರೈಟ್‌ಎಲ್‌ಎನ್ ಬಂದ ಕೂಡಲೇ "ಫೈಲ್ ನಾಟ್ ಓಪನ್" ಎಂದು ಬೀಳುತ್ತದೆ. ಪರೀಕ್ಷೆಯ ಮಟ್ಟಿಗೆ ಪ್ರಾಜೆಕ್ಟ್ ಆಪ್ಷನ್ಸ್‌ನ ಕಾನ್ಫಿಗ್ ಆ್ಯಂಡ್ ಟಾರ್ಗೆಟ್ ಪುಟದಲ್ಲಿ -ಡಬ್ಲ್ಯುಜಿ ಟಿಕ್ ತೆಗೆಯಿರಿ.

ಹಂತ 7: ಕನ್ನಡ

ಎಲ್‌ಸಿಎಲ್‌ನ ಸ್ಟ್ರಿಂಗ್‌ಗಳೆಲ್ಲ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಲ್ಲಿ ಇಡುವ ಪದ್ಧತಿ). ಕ್ಯಾಪ್ಷನ್‌ನಲ್ಲಿ ಕನ್ನಡ ಬರೆದರೆ ಕನ್ನಡವೇ ಕಾಣುತ್ತದೆ. ಪರದೆಯಲ್ಲಿ ಬರೀ ಚೌಕಗಳು ಕಂಡರೆ ಫಾಂಟ್ ಇಲ್ಲ. ಉಬುಂಟುವಿನಲ್ಲಿ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ.

ಲಾಜರಸ್ಸಿನ ಕೋಡ್ ಎಡಿಟರ್‌ನಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದಂತೆ, ಕರ್ಸರ್ ಇಲ್ಲದ ಜಾಗದಲ್ಲಿ ನಿಂತಂತೆ ಕಾಣಬಹುದು. ಆ ಎಡಿಟರ್ ಪ್ರತಿ ಅಕ್ಷರಕ್ಕೂ ಸಮನಾದ ಚೌಕ ಕೊಡುವ ಲೆಕ್ಕದಲ್ಲಿ ಬರೆಯುತ್ತದೆ, ಕನ್ನಡ ಆ ಚೌಕಕ್ಕೆ ಒಗ್ಗುವುದಿಲ್ಲ. ಅಲ್ಲಿ ಕೆಟ್ಟಂತೆ ಕಂಡದ್ದನ್ನು ತಿದ್ದಲು ಹೋಗಬೇಡಿ. ಓಡುವ ಫಾರ್ಮ್‌ನಲ್ಲಿ ಹೇಗಿದೆ ನೋಡಿ ತೀರ್ಮಾನಿಸಿ. ಕನ್ನಡ ಮಾತುಗಳನ್ನು ಆದಷ್ಟೂ ಆಬ್ಜೆಕ್ಟ್ ಇನ್‌ಸ್ಪೆಕ್ಟರಿನಲ್ಲೇ ಬರೆದರೆ ಈ ಕಿರಿಕಿರಿ ಇಲ್ಲ.

ಬಟನ್‌ನ ಡೀಫಾಲ್ಟ್ ಎತ್ತರ 25 ಪಿಕ್ಸೆಲ್. ಇಂಗ್ಲಿಷಿಗೆ ಧಾರಾಳ, ಆದರೆ "ರಾಷ್ಟ್ರೀಯ" ಎಂದು ಬರೆದರೆ ಒತ್ತಿನ ಬುಡ ಕೊಯ್ದಂತೆ ಕಾಣಬಹುದು. ಆಟೋಸೈಜ್ ಟ್ರೂ ಮಾಡಿ. ಪಕ್ಕದ ಪೆಟ್ಟಿಗೆಗಳನ್ನು ಆ್ಯಂಕರ್‌ಗಳಿಂದ ಕಟ್ಟಿದರೆ ಬಟನ್ ದೊಡ್ಡದಾದಾಗ ಅವೂ ಸರಿದುಕೊಳ್ಳುತ್ತವೆ.

ಬಹಳ ಜನ ಎಡವುವುದು ಉದ್ದದ ಲೆಕ್ಕದಲ್ಲಿ. "ಕನ್ನಡ" ಎಂಬ ಪದಕ್ಕೆ ಲೆಂಗ್ತ್ ಕೇಳಿದರೆ ಬರುವ ಉತ್ತರ 15. ಲಾಜ್‌ಯುಟಿಎಫ್8 ಯೂನಿಟ್ ಸೇರಿಸಿ ಯುಟಿಎಫ್8ಲೆಂಗ್ತ್ ಕೇಳಿದರೆ 5. ಕಣ್ಣಿಗೆ ಕಾಣುವ ಅಕ್ಷರ ಮೂರೇ. ಮೂರೂ ಉತ್ತರ ಸರಿ: ಕ, ನ, ಹಲಂತ, ನ, ಡ ಎಂದು ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ಹಾಗಾಗಿ ಕಾಪಿ ಬಳಸಿ ಮೊದಲ ನಾಲ್ಕು ತೆಗೆದರೆ ಎರಡನೆಯ ಅಕ್ಷರದ ಒಂದು ಬೈಟ್ ಮಾತ್ರ ಬಂದು ಕೊನೆಯಲ್ಲಿ ಕಸ ಕಾಣುತ್ತದೆ. ಯುಟಿಎಫ್8ಕಾಪಿಯಿಂದ ಮೊದಲ ಮೂರು ತೆಗೆದರೆ ಕಸ ಬರುವುದಿಲ್ಲ, ಆದರೆ "ಕನ್" ಎಂದು ನಿಲ್ಲುತ್ತದೆ. ಹೆಸರುಗಳನ್ನು ರಸೀದಿಯ ಅಗಲಕ್ಕೆ ಕತ್ತರಿಸುವ ಪ್ರೋಗ್ರಾಂ ಬರೆಯುವವರು ಅಕ್ಷರ ಎಣಿಸಬೇಡಿ. ಕ್ಯಾನ್ವಾಸ್‌ನ ಟೆಕ್ಸ್ಟ್‌ವಿಡ್ತ್ ಕೇಳಿ ಪಿಕ್ಸೆಲ್ ಅಳತೆಯಲ್ಲಿ ನಿರ್ಧರಿಸಿ, ಕತ್ತರಿಸುವ ಜಾಗದಲ್ಲಿ ಹಲಂತವೋ ಸ್ವರಚಿಹ್ನೆಯೋ ಇದ್ದರೆ ಇಡೀ ಅಕ್ಷರವನ್ನೇ ಬಿಟ್ಟುಬಿಡಿ.

ಡೇರಿ ಲೆಕ್ಕಕ್ಕೆ ಮರಳಿದರೆ, ಕೆಲವು ಕನ್ನಡ ಕೀಬೋರ್ಡ್ ಲೇಔಟ್‌ಗಳಲ್ಲಿ ಅಂಕಿಯೂ ಕನ್ನಡದಲ್ಲೇ ಬೀಳುತ್ತದೆ. ಬಳಸುವವರು ೬.೫ ಎಂದು ಸರಿಯಾಗಿಯೇ ಬರೆದಿರುತ್ತಾರೆ, ಟ್ರೈಸ್ಟ್ರ್‌ಟುಕರ್ ಮಾತ್ರ ಒಪ್ಪುವುದಿಲ್ಲ. ಸಂಖ್ಯೆ ಮಾಡುವ ಮೊದಲು ಸ್ಟ್ರಿಂಗ್‌ರಿಪ್ಲೇಸ್‌ನಿಂದ ೦ ರಿಂದ ೯ರವರೆಗಿನ ಹತ್ತನ್ನೂ 0 ರಿಂದ 9ಕ್ಕೆ ಬದಲಿಸಿಕೊಳ್ಳಿ.

ಫೈರ್‌ಫಾಕ್ಸ್‌ನಲ್ಲಿ ಕನ್ನಡ ಟೈಪ್ ಆಗುತ್ತದೆ, ನಿಮ್ಮ ಫಾರ್ಮ್‌ನ ಪೆಟ್ಟಿಗೆಯಲ್ಲಿ ಆಗುವುದಿಲ್ಲ ಎಂದಾದರೆ, ಐಬಸ್ (ಬೇರೆ ಬೇರೆ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ವ್ಯವಸ್ಥೆ) ಜಿಟಿಕೆ2ರೊಡನೆ ಕೂಡಲು ಬೇಕಾದ ಐಬಸ್-ಜಿಟಿಕೆ ಪ್ಯಾಕೇಜ್ ಇಲ್ಲ. ಐಬಸ್-ಜಿಟಿಕೆ3 ಇದ್ದರೆ ಸಾಲದು, ಹೆಸರಿನ ಕೊನೆಯಲ್ಲಿ ಅಂಕಿ ಇಲ್ಲದ್ದೇ ಬೇಕು. ಇನ್ನು ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಫೈಲನ್ನು ತೆರೆದರೆ ಕಾಣುವ ಗೋಜಲಿಗೆ ಲಾಜರಸ್ ಹೊಣೆಯಲ್ಲ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತರಬೇಕು.

ಹಂತ 8: ಜಿಟಿಕೆ2 ಬಿಟ್ಟು ಕ್ಯೂಟಿ ಬೇಕೆಂದರೆ

ಜಿಟಿಕೆ2ರ ಬೆಳವಣಿಗೆ 2020ರಲ್ಲೇ ನಿಂತಿದೆ. ಕೆಲಸ ಮಾಡುತ್ತದೆ, ಆದರೆ ಬಹಳ ವರ್ಷ ಬಾಳಬೇಕಾದ ಪ್ರೋಗ್ರಾಂ ಆದರೆ ಈಗಲೇ ಕ್ಯೂಟಿಗೆ ಹೋಗುವುದು ಲೇಸು. ಕೋಡ್‌ನಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ಲಿಬ್‌ಕ್ಯೂಟಿ5ಪ್ಯಾಸ್-ಡೆವ್ ಹಾಕಿ. ಪ್ರಾಜೆಕ್ಟ್ ಆಪ್ಷನ್ಸ್‌ನ ಅಡಿಷನ್ಸ್ ಆ್ಯಂಡ್ ಓವರ್‌ರೈಡ್ಸ್ ಪುಟದಲ್ಲಿ ಎಲ್‌ಸಿಎಲ್‌ವಿಜೆಟ್‌ಟೈಪ್‌ಗೆ ಕ್ಯೂಟಿ5 ಎಂಬ ಬೆಲೆ ಕೊಟ್ಟು ಬಿಲ್ಡ್ ಮಾಡಿ. "ಕೆನಾಟ್ ಫೈಂಡ್ -ಎಲ್‌ಕ್ಯೂಟಿ5ಪ್ಯಾಸ್" ಬಂದರೆ ಡೆವ್ ಪ್ಯಾಕೇಜ್ ಬಂದಿಲ್ಲ. ಅದು ಇದ್ದೂ ಹುಕ್ ಎಂಬ ಪದವಿರುವ ಹೆಸರುಗಳು ಸಿಗಲಿಲ್ಲವೆಂದರೆ ಡಿಸ್ಟ್ರೊದ ಲೈಬ್ರರಿ ನಿಮ್ಮ ಲಾಜರಸ್‌ಗಿಂತ ಹಳೆಯದು. ಸೋರ್ಸ್‌ಫೋರ್ಜ್‌ನ ಹೊಸ ಲಾಜರಸ್ಸನ್ನು ಹಳೆಯ ಉಬುಂಟು ಮೇಲೆ ಹಾಕಿದವರಿಗೆ ಇದು ಎದುರಾಗುತ್ತದೆ.

ಹಂತ 9: ವಿಂಡೋ ಹೆಪ್ಪುಗಟ್ಟಿದಾಗ

ಸಾವಿರಾರು ಸಾಲಿನ ಫೈಲ್ ಓದುವಾಗ ವಿಂಡೋ ಬಿಳಿಚಿಕೊಂಡು "ನಾಟ್ ರೆಸ್ಪಾಂಡಿಂಗ್" ಎನ್ನುವುದು ಸಹಜ. ಬಟನ್‌ನ ಪ್ರೊಸೀಜರ್ ಮುಗಿಯುವ ತನಕ ಪರದೆಯನ್ನು ಬಿಡಿಸಲು ಯಾರಿಗೂ ಪುರಸೊತ್ತಿಲ್ಲ.

ಚಿಕ್ಕ ಕೆಲಸಕ್ಕೆ ಲೂಪ್‌ನೊಳಗೆ ನೂರು ಸಾಲಿಗೊಮ್ಮೆ ಅಪ್ಲಿಕೇಷನ್.ಪ್ರೋಸೆಸ್‌ಮೆಸೇಜಸ್ ಸಾಕು. ಅದಕ್ಕೆ ಮೊದಲು ಬಟನ್‌ನ ಎನೇಬಲ್ಡ್ ಫಾಲ್ಸ್ ಮಾಡಲೇಬೇಕು, ಇಲ್ಲದಿದ್ದರೆ ಬಳಸುವವರು ಮತ್ತೊಮ್ಮೆ ಒತ್ತಿದಾಗ ಅದೇ ಪ್ರೊಸೀಜರ್ ತನ್ನೊಳಗೇ ಇನ್ನೊಂದು ಸಲ ಶುರುವಾಗುತ್ತದೆ. ದೊಡ್ಡ ಕೆಲಸಕ್ಕೆ ಟಿಥ್ರೆಡ್ ಬೇಕು. ಥ್ರೆಡ್‌ನೊಳಗಿಂದ ಲೇಬಲನ್ನೋ ಮೆಮೊವನ್ನೋ ನೇರವಾಗಿ ಮುಟ್ಟುವಂತಿಲ್ಲ, ಸಿಂಕ್ರೊನೈಜ್ ಮೂಲಕವೇ ಮುಟ್ಟಬೇಕು. ನೇರ ಮುಟ್ಟಿದರೆ ಹತ್ತು ಸಲ ಸರಿಯಾಗಿ ಓಡಿ ಹನ್ನೊಂದನೆಯ ಸಲ ಬೀಳುತ್ತದೆ, ಅದೂ ಬೇರೆಯವರ ಮಷೀನಿನಲ್ಲಿ.

ಲಿನಕ್ಸ್‌ನಲ್ಲಿ "ದಿಸ್ ಬೈನರಿ ಹ್ಯಾಸ್ ನೋ ಥ್ರೆಡ್ ಸಪೋರ್ಟ್" ಮತ್ತು 232 ಎಂಬ ಅಂಕಿ ಬಂದರೆ .ಎಲ್‌ಪಿಆರ್ ಫೈಲಿನ ಯೂಸಸ್‌ನಲ್ಲಿ ಸಿಥ್ರೆಡ್ಸ್ ಇಲ್ಲ. ಅದು ಪಟ್ಟಿಯ ಮೊಟ್ಟಮೊದಲ ಹೆಸರಾಗಿರಬೇಕು. ಹಳೆಯ ಪ್ರಾಜೆಕ್ಟ್‌ಗಳಲ್ಲಿ ಅದು ಯೂಸ್‌ಸಿಥ್ರೆಡ್ಸ್ ಎಂಬ ಷರತ್ತಿನೊಳಗೆ ಅಡಗಿರುತ್ತದೆ; ಇದೆ ಎಂದು ಕಂಡರೂ ಕಂಪೈಲ್ ಆಗಿರುವುದಿಲ್ಲ.

ಹಂತ 10: ಬೇರೆಯವರ ಮಷೀನಿಗೆ ಕೊಡುವ ಮುನ್ನ

ಒಂದು ಬಟನ್‌ನ ಪ್ರೋಗ್ರಾಂ ಇಪ್ಪತ್ತು ಎಂಬಿ ಮೀರಿದರೆ ಗಾಬರಿ ಬೇಡ, ಬಹುಪಾಲು ಡೀಬಗ್ ಮಾಹಿತಿ. ಪ್ರಾಜೆಕ್ಟ್ ಆಪ್ಷನ್ಸ್‌ನ ಬಿಲ್ಡ್ ಮೋಡ್ಸ್‌ನಲ್ಲಿ ಡೀಬಗ್, ರಿಲೀಸ್ ಎಂಬ ಎರಡು ಮೋಡ್ ಹುಟ್ಟಿಸುವ ಬಟನ್ ಇದೆ. ರಿಲೀಸ್ ಆರಿಸಿ ಬಿಲ್ಡ್ ಮಾಡಿದರೆ ಕೆಲವೇ ಎಂಬಿಗೆ ಇಳಿಯುತ್ತದೆ.

ವಿಂಡೋಸ್‌ನಲ್ಲಿ ಇಎಕ್ಸ್‌ಇ ಒಂದನ್ನೇ ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಸಾಕು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅಕ್ಷರ ಮಸುಕಾಗಿ ಕಂಡರೆ ಪ್ರಾಜೆಕ್ಟ್ ಆಪ್ಷನ್ಸ್‌ನ ಅಪ್ಲಿಕೇಷನ್ ಪುಟದಲ್ಲಿ ಡಿಪಿಐ ಅವೇರ್‌ನೆಸ್ ಆನ್ ಮಾಡಿ ಮರಳಿ ಕಟ್ಟಿ.

ಲಿನಕ್ಸ್‌ನಲ್ಲಿ ಎಲ್‌ಡಿಡಿ ಕಮಾಂಡಿಗೆ ನಿಮ್ಮ ಪ್ರೋಗ್ರಾಂ ಹೆಸರು ಕೊಟ್ಟರೆ ಯಾವ ಲೈಬ್ರರಿ ಬೇಕೆಂದು ತೋರಿಸುತ್ತದೆ. ಇದನ್ನು ಓಡಿಸಬೇಕಾದ್ದು ಆಚೆಯವರ ಮಷೀನಿನಲ್ಲಿ. ಅಲ್ಲಿ "ನಾಟ್ ಫೌಂಡ್" ಎಂದು ಬಂದ ಹೆಸರುಗಳನ್ನಷ್ಟೇ ಹಾಕಿದರೆ ಆಯಿತು. ಕ್ಯೂಟಿ5ರಲ್ಲಿ ಕಟ್ಟಿದ್ದರೆ ಲಿಬ್‌ಕ್ಯೂಟಿ5ಪ್ಯಾಸ್1 ಅಲ್ಲಿರಬೇಕು. ಜಿಲಿಬ್‌ಸಿಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅಂಕಿಯೊಂದು, ಉದಾಹರಣೆಗೆ 2.34, ಸಿಗಲಿಲ್ಲ ಎಂದರೆ ನೀವು ಕಟ್ಟಿದ ಡಿಸ್ಟ್ರೊ ಅವರದಕ್ಕಿಂತ ಹೊಸದು. ಆಚೆಯವರಿಗೆ ಅಪ್‌ಗ್ರೇಡ್ ಮಾಡಿ ಎನ್ನುವುದಕ್ಕಿಂತ, ಬಳಕೆಯಲ್ಲಿರುವ ಹಳೆಯ ಡಿಸ್ಟ್ರೊವೊಂದನ್ನು ವರ್ಚುವಲ್ ಮಷೀನಿನಲ್ಲಿ ಇಟ್ಟುಕೊಂಡು ಅಲ್ಲೇ ರಿಲೀಸ್ ಕಟ್ಟುವುದು ಒಳ್ಳೆಯದು. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ.